ಮಾಲಗಾಡಿಯನ್ನೇ ಆರಿಸಿಕೊಳ್ಳುತ್ತಿದ್ದ ಚಾಚಾ

ಚಾಚಾನ ಹಣೆಯ ಮೇಲೆ, ಎಡ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಒಂದು ಗಂಟು ಇತ್ತು. ಅದು ಅವರದೇ ಮನೆಯ ಬಾಗಿಲು ಕೊಟ್ಟದ್ದು. ಅವರ ಎತ್ತರ ಆರಡಿ ಮೂರಿಂಚು. ಬಾಗಿಲಿನ ಎತ್ತರ ಐದಡಿ ಹನ್ನೊಂದಿಂಚು. ಎರಡನ್ನೂ ನಾನೇ ಟೇಪು ಹಿಡಿದು ಅಳೆದಿದ್ದೇನೆ. ದಿನಾಲೂ ತಲೆ ಬಗ್ಗಿಸಿಯೇ ಹೊರಗೆ ಬರುತ್ತಿದ್ದರು, ಸಂತೋಷ ಹೆಚ್ಚಾದ ದಿನ ಮಾತ್ರ ಮರೆಯುತ್ತಿದ್ದರು. ಹಾಗಾಗಿ ಗಂಟು ಊದಿಕೊಂಡಿತೆಂದರೆ, ಇವತ್ತು ಅಮೆರಿಕದಲ್ಲಿ ಚಾಚಾನ ಆಟಗಾರ ಚೆನ್ನಾಗಿ ಆಡಿದ್ದಾನೆ ಎಂದು ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಕುಡಚಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವರ ಮನೆ, ನಮ್ಮ ಮನೆ ಗೋಡೆಗೆ ಗೋಡೆ ಹತ್ತಿಕೊಂಡಿವೆ. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು, ಅಂದರೆ ಯಾವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ಕೂಡಿಸಿಕೊಡುವ ಕೆಲಸ. ಆ ಕೆಲಸ ಸಿಕ್ಕದ್ದು ಮಾತ್ರ ಬಾಸ್ಕೆಟ್‌ಬಾಲ್‌ನಿಂದ. ಹರೆಯದಲ್ಲಿ ರೈಲ್ವೆಯ ತಂಡದಲ್ಲಿ ಹನ್ನೊಂದು ವರ್ಷ ಆಡಿದ್ದರು. ನಮ್ಮ ಕಡೆ ಕುಸ್ತಿ, ಕಬಡ್ಡಿ, ಕ್ರಿಕೆಟ್ ಬಲ್ಲವರು ಓಣಿಗೆ ಹತ್ತು ಮಂದಿ. ಬುಟ್ಟಿಗೆ ಚೆಂಡು ಹಾಕುವ ಆಟ ಬಲ್ಲವರು ಊರಿಗೆಲ್ಲ ಅವರೊಬ್ಬರೇ. ನಿವೃತ್ತರಾದ ಮೇಲೆ ಆ ಆಟವನ್ನು ಅವರು ನಮಗೆ ಹಂಚಿದ ರೀತಿಯೂ ವಿಚಿತ್ರವೇ. ಮೈದಾನ ಇರಲಿಲ್ಲ, ಬುಟ್ಟಿ ಇರಲಿಲ್ಲ, ಚೆಂಡೂ ಇರಲಿಲ್ಲ. ಇದ್ದದ್ದು ಇನ್ನೂರು ಪುಟದ ಒಂದು ನೋಟುಬುಕ್ಕು.

ಆಟ ಹೀಗೆ. ಅಕ್ಟೋಬರಿನ ಒಂದು ರವಿವಾರ ಆರು ಮಂದಿ ಚಾಚಾನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಮೆರಿಕದ ಲೀಗಿನಲ್ಲಿ ನಿಜವಾಗಿ ಆಡುವವರ ಪಟ್ಟಿ ಎದುರಿಗೆ. ಚಾಚಿ ಸ್ಟೀಲಿನ ಡಬ್ಬಿಯಿಂದ ಚೀಟಿ ಎತ್ತಿ ಸರದಿ ಹೇಳುತ್ತಿದ್ದರು. ಸರದಿಯ ಪ್ರಕಾರ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು; ಒಬ್ಬರಿಗೆ ಹೋದವನು ಇನ್ನೊಬ್ಬರಿಗೆ ಇಲ್ಲ. ಎರಡನೆಯ ಸುತ್ತಿನಲ್ಲಿ ಸರದಿ ತಿರುಗುಮುರುಗು. ಹೀಗೆ ಎಂಟು ಸುತ್ತು, ಎಂಟು ಆಟಗಾರರ ಕಾಗದದ ತಂಡ. ಆಮೇಲೆ ಅವರು ಅಲ್ಲಿ ಆಡಿದ್ದನ್ನು ನಾವು ಇಲ್ಲಿ ಏಳು ಖಾನೆಗಳಲ್ಲಿ ಬರೆಯುವುದು: ಗಳಿಸಿದ ಅಂಕ, ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದ ರೀಬೌಂಡು, ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟ ಪಾಸು, ಕಸಿದದ್ದು, ತಡೆದದ್ದು, ದೂರದಿಂದ ಹಾಕಿದ ಮೂರಂಕದ ಎಸೆತ, ಕೊನೆಗೆ ಇಡೀ ತಂಡದ ಫ್ರೀ ಥ್ರೋ ನೂರಕ್ಕೆ ಎಷ್ಟು ಬಿತ್ತು ಅನ್ನುವುದು. ವಾರಕ್ಕೊಬ್ಬ ಎದುರಾಳಿ. ಏಳರಲ್ಲಿ ನಾಲ್ಕು ಖಾನೆ ಗೆದ್ದವರದು ಆ ವಾರ. ಇಪ್ಪತ್ತು ವಾರ ಮುಗಿದ ಮೇಲೆ ಮೊದಲ ಇಬ್ಬರಿಗೆ ಫೈನಲ್.

ಬರೆಯುವ ಕೆಲಸ ನನ್ನದು. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಚಾಚಾ ನನ್ನ ದಿನಚರಿಯನ್ನು ಗೋಡೆಯ ಮೇಲಿಂದ ಇಣುಕಿ ನೋಡಿ, "ಯಾ ಅಲ್ಲಾ, ಈ ಹುಡಿಗಿ ಅಕ್ಷರ ರೈಲ್ವೆ ಟೈಮ್‌ಟೇಬಲ್‌ದಂಗ ಅದಾವಲ್ಲೋ" ಎಂದು ನೋಟುಬುಕ್ಕನ್ನು ನನ್ನ ಕೈಗಿಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ಎಂಟನೆಯ ಇಯತ್ತೆಯಿಂದ ನಾನು ದಿನಾಂಕ ಹಾಕಿ ಎಲ್ಲ ಬರೆದಿಡುತ್ತೇನೆ: ಮಳೆ ಎಷ್ಟು ಹೊತ್ತು ಬಂತು, ರಾಯಬಾಗದ ಬಸ್ಸು ಎಷ್ಟು ನಿಮಿಷ ತಡ. ಅಲ್ಲಿಯ ರಾತ್ರಿ ಪಂದ್ಯಗಳು ನಮಗೆ ಬೆಳಗಿನ ಪಂದ್ಯಗಳು. ಹಲ್ಲುಜ್ಜುವುದಕ್ಕೂ ಬಸ್ಸಿಗೂ ನಡುವಿನ ನಲವತ್ತು ನಿಮಿಷದಲ್ಲಿ ನಲವತ್ತೆಂಟು ಆಟಗಾರರ ಲೆಕ್ಕ ನೋಟುಬುಕ್ಕಿಗೆ ಏರುತ್ತಿತ್ತು.

ಆ ಆಟಗಾರರ ನಿಜವಾದ ಹೆಸರು ನಮ್ಮ ನಾಲಿಗೆಗೆ ಹೊಂದುತ್ತಿರಲಿಲ್ಲ. ಚಾಚಾ ಎಲ್ಲರಿಗೂ ಗಾಡಿಗಳ ಹೆಸರಿಟ್ಟಿದ್ದರು. ಓಡುತ್ತ ನಿಲ್ಲದವನು ಎಕ್ಸ್‌ಪ್ರೆಸ್. ಚೆಂಡು ಪುಟಿಸುತ್ತ ಹೆಜ್ಜೆಗೊಮ್ಮೆ ನಿಲ್ಲುವವನು ಪ್ಯಾಸೆಂಜರ್. ಅವರ ಪ್ರೀತಿಯ ಆಟಗಾರ ಏಳಡಿಯ ದೊಡ್ಡಾಳು. ಮೆಲ್ಲಗೆ ಬರುತ್ತಾನೆ, ಆದರೆ ಬಂದನೆಂದರೆ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಾನೆ. ಅವನು ಮಾಲಗಾಡಿ. ಅಂಕ, ರೀಬೌಂಡು, ತಡೆ, ಮೂರರಲ್ಲೂ ಅವನ ಸಮ ಇನ್ನೊಬ್ಬನಿರಲಿಲ್ಲ. ಒಂದೇ ಒಂದು ಊನ. ಎದುರಾಳಿ ತಪ್ಪಾಗಿ ಮೈಮೇಲೆ ಬಿದ್ದಾಗ ಕೊಡುವ ಫ್ರೀ ಥ್ರೋ ಇದೆಯಲ್ಲ, ಹದಿನೈದು ಅಡಿ ದೂರದಿಂದ, ಎದುರಿಗೆ ಯಾರೂ ಅಡ್ಡ ಇಲ್ಲದೆ ನಿಂತು ಹಾಕುವ ಎಸೆತ, ಅದು ಅವನಿಗೆ ಬರುತ್ತಿರಲಿಲ್ಲ. ಎರಡಕ್ಕೆ ಒಂದು ಬಿದ್ದರೆ ಹಬ್ಬ. ಅವನೊಬ್ಬನಿಂದಲೇ ಇಡೀ ತಂಡದ ಏಳನೆಯ ಖಾನೆ ಮುಳುಗುತ್ತಿತ್ತು. ಅದಕ್ಕೆ ಮೊದಲ ಸುತ್ತಿನಲ್ಲಿ ಉಳಿದ ಐವರೂ ಅವನನ್ನು ಮುಟ್ಟುತ್ತಿರಲಿಲ್ಲ. ಚಾಚಾ ಮಾತ್ರ ವರ್ಷವೂ ಅವನನ್ನೇ ಆರಿಸಿಕೊಳ್ಳುತ್ತಿದ್ದರು.

"ಅಂವನ್ನ ಬಿಟ್ಟ ನನಗ ಯಾರೂ ಬ್ಯಾಡ," ಎನ್ನುತ್ತಿದ್ದರು. ಆರಿಸಿಕೊಳ್ಳುತ್ತಿದ್ದರು, ಸೋಲುತ್ತಿದ್ದರು. ಮೊದಲ ವರ್ಷ ಆರನೆಯ ಸ್ಥಾನ, ಎರಡನೆಯ ವರ್ಷ ಐದು, ಮೂರನೆಯ ವರ್ಷ ಮತ್ತೆ ಆರು. ಅವರಿಗೆ ಬೇಕಾದದ್ದು ಒಂದೇ: ಒಂದು ಸಲ, ಒಂದೇ ಸಲ, ಮಾಲಗಾಡಿಯನ್ನು ಇಟ್ಟುಕೊಂಡು ಗೆಲ್ಲಬೇಕು. ಇದನ್ನು ನಮಾಜಿನಷ್ಟೇ ನಿಯಮದಿಂದ ದಿನಕ್ಕೆ ಐದು ಸಲ ಹೇಳುತ್ತಾರೆ ಎಂದು ಚಾಚಿ ನಗುತ್ತಿದ್ದರು.

ಎರಡು ವರ್ಷ ಗೆದ್ದವನು ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಮೂರನೆಯ ವರ್ಷ ಮುಗಿದ ದಿನ ಅವನೇ ಒಂದು ಉಪಾಯ ತಂದ.

"ಚಾಚಾ, ಆ ಫ್ರೀ ಥ್ರೋ ಖಾನೇನ ತಗದಬಿಡೂಣ್ರಿ. ಆರ ಖಾನೆ ಸಾಕು. ನಿಮ್ಮ ಮಾಲಗಾಡಿಗೆ ರೂಟ್ ಕ್ಲಿಯರ್."

ಚಾಚಾನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆ ಒಂದೇ ಸಲ. "ಖಾನೆ ಇರಬೇಕು! ಸಿಗ್ನಲ್ ಕಿತ್ತ ಹಾಕಿ ಗಾಡಿ ಬಿಡತಾರೇನ? ಅಂವಗ ಬರೂದಿಲ್ಲಂದ್ರ ಬರೂದಿಲ್ಲ ಅಂತ ಬರಕೊಂಡ ಗೆಲ್ಲಬೇಕು. ಹಂಗ ಗೆದ್ರ ಗೆದ್ದಂಗ."

"ಹಂಗಾದ್ರ ಮುಂದಿನ ವರ್ಷಾನೂ ಆರನೇ ನಂಬರ್ ನಿಮಗ ರಿಸರ್ವ್ ಐತ್ರಿ," ಎಂದು ಅವನು ಚಹಾದ ಲೋಟ ಕೆಳಗಿಟ್ಟು ಹೋದ.

ಮರುವರ್ಷ ಚಾಚಾನ ಕಣ್ಣಿಗೆ ಪೊರೆ ಬಂತು. ಮೊಬೈಲಿನ ಸಣ್ಣ ಅಂಕಿಗಳು ಕಾಣದಾದವು. "ನೀ ನನ್ನ ಕಣ್ಣಾಗು ಬೇಟಾ, ನಾವಿಬ್ರೂ ಕೂಡಿ ಒಂದ ತಂಡ ಮಾಡೂಣು," ಎಂದರು. ಮೊಬೈಲ್ ಅಂಗಡಿಯವ ಮೊದಲು ತಕರಾರು ತೆಗೆದ: "ಬರಿಯಾಕಿನ ಆಡಾಕಿ ಆದ್ರ ಹೆಂಗ್ರಿ?" ಆಮೇಲೆ ಚಾಚಾನ ಕಣ್ಣು ನೋಡಿ ತಾನೇ ಒಪ್ಪಿದ.

ಸೆಪ್ಟೆಂಬರ್ ೧೨, ಗುರುವಾರ. ಆ ಸಂಜೆ ನಾನು ಮೂರು ವರ್ಷದ ನೋಟುಬುಕ್ಕುಗಳನ್ನು ಹರವಿಕೊಂಡು ಕೂತೆ. ನನಗೆ ತಿಳಿಯಬೇಕಿದ್ದದ್ದು, ನಾವು ಸೋತದ್ದು ಎಲ್ಲಿ ಎಂಬುದು. ಎರಡು ತಾಸು ಗೀಟು ಎಳೆದು ಎಣಿಸಿದೆ. ಉತ್ತರ ಸಿಕ್ಕಿತು. ಗೋಡೆ ಸುತ್ತಿಕೊಂಡು ಹೋಗುವ ತಾಳ್ಮೆ ಇಲ್ಲದೆ ಅಲ್ಲಿಂದಲೇ ಕೂಗಿದೆ.

"ಚಾಚಾ! ಮಾಲಗಾಡಿದೇನೂ ತಪ್ಪಿಲ್ಲ! ತಪ್ಪ ನಿಮ್ಮದು!"

"ಅರೇ, ಬಂದ ಹೇಳ. ಓಣಿಗೆಲ್ಲ ಕೇಳತೈತಿ."

ಹೋಗಿ ಪಕ್ಕದಲ್ಲಿ ಕೂತು ಓದಿ ಹೇಳಿದೆ. ಮೂರು ವರ್ಷ, ಅರವತ್ತು ವಾರ. ಏಳನೆಯ ಖಾನೆಯನ್ನು ಚಾಚಾ ಗೆದ್ದದ್ದು ಆರು ಸಲ ಮಾತ್ರ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರೂ ನೋಡದೇ ಇದ್ದದ್ದು ಇನ್ನೊಂದು. ಮೊದಲ ಸುತ್ತಿನಲ್ಲಿ ಮಾಲಗಾಡಿಯನ್ನು ತೆಗೆದುಕೊಂಡ ಮೇಲೆ, ಎರಡನೆಯ ಸುತ್ತಿನಿಂದ ಅವರು ವರ್ಷವೂ ಸಾಲಾಗಿ ನಾಲ್ಕು ಮಂದಿ ಸಣ್ಣಾಳುಗಳನ್ನು ಆರಿಸಿದ್ದರು. ಆ ನಾಲ್ವರಿಗೂ ಫ್ರೀ ಥ್ರೋ ಚೆನ್ನಾಗಿ ಬರುತ್ತಿತ್ತು, ಅದರಾಚೆ ಹೆಚ್ಚೇನೂ ಬರುತ್ತಿರಲಿಲ್ಲ. ಮಾಲಗಾಡಿ ಮಾಡಿದ ತೂತಿಗೆ ಹಚ್ಚಿದ ತೇಪೆಗಳು ಅವರು. ಆದರೆ ತೂತು ಎಷ್ಟು ದೊಡ್ಡದಿತ್ತೆಂದರೆ ನಾಲ್ಕು ತೇಪೆಗೂ ಮುಚ್ಚಲಿಲ್ಲ. ಆ ಖಾನೆ ಹೇಗೂ ಹೋಯಿತು. ತೇಪೆಗೆ ಹೋದ ನಾಲ್ಕು ಆಯ್ಕೆಗಳಿಂದ ಗೆಲ್ಲಬೇಕಾದ ಖಾನೆಗಳೂ ಹೋದವು.

ಮೀರಜ್ ಕಡೆಯ ಗಾಡಿಯೊಂದು ಬಂದು, ನಿಂತು, ಹೋಯಿತು.

"ಖರೆ ಐತಿ," ಎಂದರು ಚಾಚಾ. "ಅಂವನ್ನ ಕೈ ಹಿಡದ ಕರಕೊಂಡ ಬಂದ್ನಿ. ಮನಿಗಿ ಬಂದಮ್ಯಾಲ ಅಂವನ ಸಲುವಾಗಿ ನಾಚಕೊಂಡ್ನಿ."

"ಈ ವರ್ಷ ನಾಚಿಕಿ ಬ್ಯಾಡ್ರಿ. ಆ ಖಾನೆ ಕೊಟ್ಟ ಬಿಡೂಣು."

"ಕೊಟ್ಟಬಿಡೂದು?"

"ಇಪ್ಪತ್ತಕ್ಕ ಇಪ್ಪತ್ತ ವಾರ ಸೋಲೂಣು. ಒಮ್ಮೆ ಕೊಟ್ಟಬಿಟ್ರ, ಫ್ರೀ ಥ್ರೋ ಬರದ ದೊಡ್ಡಾಳು ಎಷ್ಟ ಮಂದಿ ಅದಾರ, ಎಲ್ಲಾರೂ ನಮಗ ಅಗ್ಗ. ಉಳದವ್ರು ಅವರನ್ನ ಮುಟ್ಟೂದಿಲ್ಲ. ಆರ ಖಾನ್ಯಾಗ ನಾಕ ಗೆದ್ರ ಸಾಕು."

ಅವರ ಮುಖದ ಮೇಲೆ ನಗು ಹರಡಿದ್ದು ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ. ಹಳಿ ಕೂಡಿದಾಗ ಬರುವ ಖಣ್ ಅನ್ನುವ ಸದ್ದನ್ನು ಬಾಯಿಯಿಂದಲೇ ಮಾಡಿದರು.

ಅಕ್ಟೋಬರ್ ೨೦, ರವಿವಾರ. ಚೀಟಿಯಲ್ಲಿ ನಮಗೆ ನಾಲ್ಕನೆಯ ಸರದಿ. ಮಾಲಗಾಡಿ ಇನ್ನೂ ಉಳಿದಿದ್ದ; ತೆಗೆದುಕೊಂಡೆವು. ಯಾರೂ ತಲೆ ಎತ್ತಲಿಲ್ಲ. ಸರದಿ ತಿರುಗಿ ಒಂಬತ್ತನೆಯ ಆಯ್ಕೆ ನಮಗೆ ಬಂತು. ಮೊಬೈಲ್ ಅಂಗಡಿಯವ ಆಗಲೇ ಹೇಳಿಬಿಟ್ಟ: "ಈಗ ಚಾಚಾ ಒಬ್ಬ ಸಣ್ಣಾಳ ತಗೊಂತಾರ. ವರ್ಷಾ ಇದ ಟೈಮ್‌ಟೇಬಲ್."

ಚಾಚಾ ಗಂಟಲು ಸರಿಪಡಿಸಿಕೊಂಡು ಇನ್ನೊಬ್ಬ ದೊಡ್ಡಾಳಿನ ಹೆಸರು ಹೇಳಿದರು. ಅವನೂ ಫ್ರೀ ಥ್ರೋದಲ್ಲಿ ಮಾಲಗಾಡಿಯ ತಮ್ಮನೇ.

"ಚಾಚಾ, ಕಣ್ಣ ಕಾಣಂಗಿಲ್ಲ ಅಂತ ಯಾರನ್ನರ ತಗೋಬ್ಯಾಡ್ರಿ!" ಎಂದು ಅವನು ನಕ್ಕ. ಎಲ್ಲರೂ ನಕ್ಕರು.

ಹದಿನಾರನೆಯ ಆಯ್ಕೆ, ಇನ್ನೊಬ್ಬ. ಇಪ್ಪತ್ತೊಂದನೆಯದು, ಮತ್ತೊಬ್ಬ. ಎರಡನೆಯ ಸುತ್ತಿಗೇ ಹೋಗಬೇಕಾದವರು ನಾಲ್ಕನೆಯ ಸುತ್ತಿನಲ್ಲಿ ನಮ್ಮ ಉಡಿಗೆ ಬೀಳುತ್ತಿದ್ದರು. ನಾನು ಒತ್ತಿ ಬರೆದ ರಭಸಕ್ಕೆ ಪೆನ್ಸಿಲಿನ ತುದಿ ಮುರಿಯಿತು. ಐದನೆಯ ಸುತ್ತಿಗೆ ಬಂದಾಗ ಕೆಮಿಸ್ಟ್ರಿ ಕಲಿಸುವ ಸರ್, ಅವರೂ ನಮ್ಮ ಆರು ಮಂದಿಯಲ್ಲಿ ಒಬ್ಬರು, ಪಟ್ಟಿಯಿಂದ ಕನ್ನಡಕ ಮೇಲೆತ್ತಿ, "ಏ, ಚಾಚಾ ಆ ಖಾನೇನ ಬಿಟ್ಟ ಕೊಟ್ಟಾರೋ!" ಎಂದರು. ಆಗ ನಗು ನಿಂತಿತು. ಮೊಬೈಲ್ ಅಂಗಡಿಯವ ಪಟ್ಟಿ ತಿರುವಿ ಹಾಕಿ ನೋಡಿದ. ದೊಡ್ಡಾಳುಗಳೆಲ್ಲ ಖಾಲಿ.

ಆ ವರ್ಷ ಏಳನೆಯ ಖಾನೆಯನ್ನು ಇಪ್ಪತ್ತಕ್ಕೆ ಇಪ್ಪತ್ತೂ ವಾರ ಸೋತೆವು. ಇಪ್ಪತ್ತರಲ್ಲಿ ಹದಿನಾಲ್ಕು ವಾರ ಗೆದ್ದೆವು. ಚಾಚಾನ ಹಣೆಯ ಗಂಟು ಒಂದು ವಾರವೂ ಇಳಿಯಲಿಲ್ಲ. "ಬಾಗಲಾನ ಎತ್ತರ ಮಾಡಸ್ರಿ," ಎಂದು ಚಾಚಿ ಅರಿಶಿಣ ಹಚ್ಚಿ ಹಚ್ಚಿ ಬೇಸತ್ತರು. ಫೈನಲ್ ವಾರ ಬಂದದ್ದು ಮಾರ್ಚಿನಲ್ಲಿ, ರಂಜಾನ್ ತಿಂಗಳಲ್ಲಿ. ಎದುರಾಳಿ, ಮತ್ತ್ಯಾರು, ಮೊಬೈಲ್ ಅಂಗಡಿಯವನೇ.

ಬುಧವಾರ ನಮ್ಮ ಎರಡನೆಯ ದೊಡ್ಡಾಳು ಮೊಣಕಾಲು ತಿರುವಿಕೊಂಡು ಕೂತುಬಿಟ್ಟ. ರವಿವಾರ ಸಂಜೆಯ ಲೆಕ್ಕ ನನ್ನ ದಿನಚರಿಯಲ್ಲಿ ಹೀಗಿದೆ: ಅಂಕ, ಕಸಿದದ್ದು, ತಡೆದದ್ದು ನಮ್ಮವು. ಪಾಸು, ಮೂರಂಕ, ಫ್ರೀ ಥ್ರೋ ಅವನವು. ಉಳಿದದ್ದು ರೀಬೌಂಡು, ಅದರಲ್ಲಿ ನಾವು ಹದಿನಾಲ್ಕು ಹಿಂದೆ. ಸಮ ಆದರೆ ಹಿಂದಿನ ವರ್ಷ ಗೆದ್ದವನಿಗೇ ಗೆಲುವು, ಅಂದರೆ ಅವನಿಗೇ. ಅವನ ಆಟಗಾರರೆಲ್ಲ ಆಡಿ ಮುಗಿಸಿದ್ದರು. ಅಮೆರಿಕದ ರವಿವಾರ ರಾತ್ರಿ ಅಂದರೆ ನಮ್ಮ ಸೋಮವಾರ ಬೆಳಿಗ್ಗೆ. ಆಗ ಮಾಲಗಾಡಿಯದೊಂದು ಪಂದ್ಯ ಉಳಿದಿತ್ತು. ಒಬ್ಬನೇ, ಒಂದೇ ಪಂದ್ಯದಲ್ಲಿ, ಹದಿನೈದು ರೀಬೌಂಡು ಹಿಡಿಯಬೇಕು.

ಇಫ್ತಾರಿನ ಹೊತ್ತಿಗೆ ಸರಿಯಾಗಿ ಮೊಬೈಲ್ ಅಂಗಡಿಯವ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. "ಚಾಚಾ, ರೋಜಾ ಬಿಡಾಕ ಸಿಹಿ ತಂದೀನ್ರಿ. ಸೋತವರ ಬಾಯಿ ಕಹಿ ಇರಬಾರದು."

"ಇನ್ನೂ ಒಂದ ಮ್ಯಾಚ್ ಐತಿ."

"ಮಾಲಗಾಡಿ ಒಂದ ಮುಂಜಾನ್ಯಾಗ ಹದಿನೈದ ವ್ಯಾಗನ್ ಎಳಿತೈತೇನ್ರಿ?"

ಚಾಚಿ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಗೋಡೆಯ ಫಳಿಯ ಮೇಲಿಟ್ಟರು. "ಇಟ್ಟ ಹೋಗಪ್ಪಾ. ಯಾರ ತಿಂತಾರ ಅನ್ನೂದು ನಾಳಿ ನೋಡೂಣು."

ಮಾರ್ಚ್ ೨೪, ಸೋಮವಾರ, ಬೆಳಿಗ್ಗೆ ಆರೂವರೆ. ನಸುಕಿನ ಸೆಹರಿ ಊಟ, ನಮಾಜು ಮುಗಿಸಿ ಚಾಚಾ ಚಾಪೆಯ ಮೇಲೆ ಕೂತಿದ್ದರು. ಉಪವಾಸವಿರದ ನನಗೊಬ್ಬಳಿಗೆ ಚಾಚಿ ಚಹಾ ಕೊಟ್ಟರು. ಮೊಬೈಲನ್ನು ನೀರಿನ ಕೊಡಕ್ಕೆ ಆನಿಸಿ ಇಟ್ಟಿದ್ದೆ. ಮೊಬೈಲ್ ಅಂಗಡಿಯವನೂ ಬಂದು ಮಗ್ಗುಲಿಗೆ ಕೂತ. ಚಾಚಾನಿಗೆ ಪರದೆಯ ಮೇಲೆ ಬಣ್ಣಗಳು ಓಡಾಡುವುದು ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ನಾನು ಒದರಿ ಒದರಿ ಹೇಳಬೇಕು.

ಅರ್ಧ ಆಟಕ್ಕೆ ಆರು. ಮೂರನೆಯ ಭಾಗ ಮುಗಿದಾಗ ಹತ್ತು. ಹನ್ನೆರಡು. ಹದಿಮೂರು. ಕೊನೆಯ ನಿಮಿಷಕ್ಕೆ ಸ್ವಲ್ಪ ಮೊದಲು ಹದಿನಾಲ್ಕು.

"ಸಮ ಆತ್ರಿ ಚಾಚಾ! ಇನ್ನೊಂದ! ಇನ್ನೊಂದ!"

ಮಾಲಗಾಡಿಯ ತಂಡ ಎರಡು ಅಂಕ ಮುಂದಿತ್ತು. ಎದುರಿನವರು ಜಾಣರು. ಅವನಿಗೆ ಫ್ರೀ ಥ್ರೋ ಬರುವುದಿಲ್ಲವೆಂದು ಗೊತ್ತು. ಚೆಂಡು ಅವನ ಕೈಗೆ ಬಂದ ಕೂಡಲೇ ಬೇಕೆಂತಲೇ ಮೈಮೇಲೆ ಬಿದ್ದರು. ಸೀಟಿ ಕೇಳಿತು. ಎರಡು ಫ್ರೀ ಥ್ರೋ. ಆ ಬೆಳಿಗ್ಗೆ ಅವನು ಅಷ್ಟರಲ್ಲಿ ಎಂಟರಲ್ಲಿ ಎರಡು ಹಾಕಿದ್ದ. ಆಟಕ್ಕೆ ಉಳಿದದ್ದು ಏಳು ಸೆಕೆಂಡು.

"ಏನ ಮಾಡಾಕತ್ತಾನ ಬೇಟಾ?"

"ನಿಂತಾನ್ರಿ. ಚೆಂಡ ಪುಟಸಾಕತ್ತಾನ. ಒಗದಾ... ತಪ್ಪತ್ರಿ."

ಮೊದಲನೆಯದು ತಪ್ಪಿದರೆ ಚೆಂಡನ್ನು ಮತ್ತೆ ಅವನ ಕೈಗೇ ಕೊಡುತ್ತಾರೆ. ಎರಡನೆಯದು ತಪ್ಪಿದರೆ ಆಟ ಅಲ್ಲಿಂದಲೇ ಮುಂದುವರಿಯುತ್ತದೆ, ಹಿಡಿದವನದು ಚೆಂಡು. ಅವನು ಎರಡನೆಯದನ್ನು ಎಸೆದ. ಚೆಂಡು ಬುಟ್ಟಿಯ ಬಳೆಯ ಮುಂಭಾಗಕ್ಕೆ ಬಡಿದು ಮೇಲಕ್ಕೆ ಹಾರಿತು. ಅಷ್ಟೊತ್ತಿಗೆ ಚಿತ್ರ ನಿಂತುಬಿಟ್ಟಿತು. ಚೆಂಡು ಗಾಳಿಯಲ್ಲಿ, ಹತ್ತು ಕೈ ಮೇಲೆ, ನಡುವೆ ತಿರುಗುವ ಚಕ್ರ.

"ಏನಾತು? ಏನಾತು?"

"ನೆಟ್ ಹೋತ್ರಿ ಚಾಚಾ!"

"ನಿನ್ನ ಅಂಗಡಿ ಸಿಮ್ ಹಾಳಾಗ್ಲಿ!" ಎಂದು ಚಾಚಾ ಮೊಬೈಲ್ ಅಂಗಡಿಯವನ ತೊಡೆಗೆ ಹೊಡೆದರು. ಅವನು ತನ್ನ ಫೋನು ತೆಗೆದು ಲೆಕ್ಕದ ಪುಟ ಬಿಚ್ಚಿದ. ನಾನು ಅವನ ಮುಖವನ್ನೇ ನೋಡಿದೆ. ಅವನು ಬೆರಳಿನಿಂದ ಪುಟವನ್ನು ಒಮ್ಮೆ ಕೆಳಗೆಳೆದ, ಇನ್ನೊಮ್ಮೆ ಎಳೆದ. ಆಮೇಲೆ ಎದ್ದು ಹೋಗಿ, ಫಳಿಯ ಮೇಲಿನ ಡಬ್ಬಿ ತಂದು ಚಾಚಾನ ಮುಂದೆ ಇಟ್ಟ.

"ಹದಿನೈದ್ರಿ," ಎಂದ.

ನಾನು ಕಿರುಚಿದ್ದಕ್ಕೆ ನಮ್ಮ ಅವ್ವ ಹಾವು ಬಂತೆಂದು ತಿಳಿದು ಓಡಿ ಬಂದಳು. ಅಷ್ಟರಲ್ಲಿ ಚಿತ್ರ ಮತ್ತೆ ಓಡತೊಡಗಿತು. ಅದೇ ಕ್ಷಣವನ್ನು ಅವರು ತಿರುಗಿ ತೋರಿಸುತ್ತಿದ್ದರು. ಪುಟಿದ ಚೆಂಡು ಎಸೆದವನ ಕಡೆಗೇ ಬಂತು. ಮಾಲಗಾಡಿ ತಪ್ಪಿತೆಂದು ಮುಖ ಕೂಡ ಬಾಡಿಸಲಿಲ್ಲ. ಎಸೆದ ಹೆಜ್ಜೆಯಲ್ಲೇ ಮುಂದೆ ನುಗ್ಗಿ, ಇಬ್ಬರ ತಲೆಯ ಮೇಲಿಂದ ತನ್ನದೇ ತಪ್ಪಿದ ಚೆಂಡನ್ನು ಎರಡೂ ಕೈಯಿಂದ ಕಿತ್ತುಕೊಂಡ. ಇದನ್ನು ನಾನು ಚಾಚಾನಿಗೆ ವಿವರಿಸಿ ಹೇಳಿದೆ. ಅವರು, "ಇನ್ನೊಮ್ಮೆ ಹೇಳ," ಎಂದರು. ಹೇಳಿದೆ. "ಇನ್ನೊಮ್ಮೆ." ಮೂರು ಸಲ ಹೇಳಿದೆ.

ಮೊಬೈಲ್ ಅಂಗಡಿಯವ, "ಸಂಜಿಗೆ ತಿನ್ರಿ, ಪೇಢೆ ನಿಮ್ಮವ," ಎಂದು ಅಂಗಡಿ ತೆಗೆಯಲು ಹೋದ. ಆಮೇಲೆ ಚಾಚಾ ಹೇಳಿದ್ದನ್ನು ನಾನು ಅಂದೇ ಬರೆದಿಟ್ಟಿದ್ದೇನೆ.

"ನಲವತ್ತೊಂದ ವರ್ಷದ ಹಿಂದ, ನಮ್ಮ ಟೀಮ್ ಫೈನಲ್‌ದಾಗ ಒಂದ ಪಾಯಿಂಟ್ ಹಿಂದ ಇತ್ತು. ನನಗ ಎರಡ ಫ್ರೀ ಥ್ರೋ ಕೊಟ್ರು. ಎರಡೂ ತಪ್ಪಿದ್ವು. ಎರಡನೇದ್ದು ಬಡದ ವಾಪಸ್ ನನ್ನ ಕಡೇನ ಬಂತ ಬೇಟಾ. ಎರಡ ಹೆಜ್ಜಿ ಇಟ್ಟಿದ್ರ ಸಿಗತಿತ್ತು. ನಾ ಎರಡೂ ಕೈಲೆ ಮಾರಿ ಮುಚ್ಚಕೊಂಡ ನಿಂತಿದ್ನಿ. ಇಷ್ಟ ವರ್ಷ ಎರಡ ಎಸೆತ ತಪ್ಪಿದ್ದಕ್ಕ ಸೋತ್ವಿ ಅಂತ ತಿಳದಿದ್ನಿ. ಇವತ್ತ ಗೊತ್ತಾತು, ಸೋತದ್ದ ಅದಕ್ಕಲ್ಲ."

ಚಾಚಿ ಒಳಗಿನಿಂದ ಏನೋ ಹೇಳಲು ಬಂದವರು ಬಾಗಿಲಲ್ಲೇ ನಿಂತರು. ಈ ಮಾತು ಅವರಿಗೂ ಹೊಸದು ಎಂದು ಅವರ ಮುಖ ಹೇಳುತ್ತಿತ್ತು.

ಚಾಚಾ ನನ್ನ ಕಡೆ ತಿರುಗಿ, "ಬುಕ್ಕಿನ್ಯಾಗ ಎಲ್ಲಾ ಬರದಿ?" ಎಂದರು.

"ಬರದೀನ್ರಿ."

"ಫ್ರೀ ಥ್ರೋ?"

"ಹತ್ತಕ್ಕ ಎರಡು." ಗೆದ್ದ ದಿನ ಆ ಅಂಕಿ ಯಾಕೆ ಎದ್ದು ಕಾಣಬೇಕೆಂದು ನಾನು ಅದನ್ನು ಖಾನೆಯ ಮೂಲೆಯ ಗೆರೆಗೆ ಒತ್ತಿ, ಸಾಸಿವೆ ಗಾತ್ರದಲ್ಲಿ ಬರೆದಿದ್ದೆ. ಚಾಚಾ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ನನಗ ಕಾಣವಲ್ದು. ದೊಡ್ಡದ ಮಾಡಿ ಬರಿ. ಉಳದಾವು ಎಷ್ಟ ದೊಡ್ಡವು ಅದಾವ, ಅಷ್ಟ."

ರಬ್ಬರಿನಿಂದ ಅಳಿಸಿ ಮತ್ತೆ ಬರೆದೆ. ಹದಿನೈದು ಎಷ್ಟು ದೊಡ್ಡದಿತ್ತೋ ಹತ್ತಕ್ಕೆ ಎರಡೂ ಅಷ್ಟೇ ದೊಡ್ಡದು.

ಈಗ ನಾನು ಅಥಣಿಯಲ್ಲಿ ಕೆಲಸಕ್ಕಿದ್ದೇನೆ. ಎರಡು ವಾರಕ್ಕೊಮ್ಮೆ ಕುಡಚಿಗೆ ಹೋದಾಗ ಚಾಚಾ ಕಟ್ಟೆಯ ಮೇಲಿರುತ್ತಾರೆ. ಪೊರೆ ತೆಗೆಸಿಕೊಂಡು ಕಣ್ಣು ಹೊಸದಾಗಿದೆ. ಲೆಕ್ಕವನ್ನು ತಾವೇ ಬರೆಯುತ್ತಾರೆ, ಅಕ್ಷರ ಕೆಟ್ಟದಾಗಿದೆ. ನಾನು ಅವರಿಗೆ ಯಾತಕ್ಕೆ ಋಣಿ ಎಂದು ಕೇಳಿದರೆ ನನ್ನ ಹಳೆಯ ದಿನಚರಿಗಳನ್ನು ತೋರಿಸಬೇಕಾಗುತ್ತದೆ. ಅವುಗಳಲ್ಲಿ ಅಲ್ಲಲ್ಲಿ ಖಾಲಿ ದಿನಗಳಿವೆ, ವರ್ಷಕ್ಕೆ ಮೂವತ್ತು, ಮೂವತ್ತೈದು. ಏನೂ ನಡೆಯದ ದಿನಗಳಲ್ಲ ಅವು. ನನ್ನಿಂದ ಆಗದೇ ಹೋದದ್ದನ್ನು ಬರೆಯಲು ಮನಸ್ಸಾಗದ ದಿನಗಳು. ಆ ಮಾರ್ಚ್ ೨೪ರಿಂದ ಈಚೆಗೆ ಖಾಲಿ ದಿನ ಒಂದೂ ಇಲ್ಲ.

ಕಳೆದ ತಿಂಗಳ ಒಂದು ಪುಟ ನಕಲು ಮಾಡುತ್ತೇನೆ. "ಸೋಮವಾರ. ಬೆಳಿಗ್ಗೆ ಹನ್ನೊಂದಕ್ಕೆ ಸ್ಕೂಟರ್ ಲೈಸನ್ಸಿನ ಪರೀಕ್ಷೆ. ಎಂಟರ ಆಕಾರದಲ್ಲಿ ತಿರುಗಿಸುವಾಗ ಎರಡು ಸಲ ಕಾಲು ನೆಲಕ್ಕೆ ತಾಗಿತು. ನಾಪಾಸು. ಸಂಜೆ ಐದಕ್ಕೆ ಅದೇ ಮೈದಾನಕ್ಕೆ ಹೋಗಿ ಹನ್ನೆರಡು ಸಲ ಎಂಟು ತಿರುಗಿಸಿದೆ. ಕಾಲು ತಾಗಿದ್ದು ನಾಲ್ಕು ಸಲ."